ಬಿಸಿಲು ಕುಡಿಯುವ ಟಾರ್ಚು

ಬಿಸಿಲು ಕಂಡರೆ ಸುಮ್ಮನೆ ಕೂರುವ ಹೆಂಗಸು ನಾನಲ್ಲ. ಆಕಾಶದಲ್ಲಿ ಅಷ್ಟು ದೊಡ್ಡ ಒಲೆ ಪುಕ್ಕಟೆ ಉರಿಯುತ್ತಿರುವಾಗ ಅದರ ಕೆಳಗೆ ಏನನ್ನೂ ಹರಡದೆ ಬಿಡುವುದೆಂದರೆ ಕಾದ ಬಾಣಲೆಯನ್ನು ಖಾಲಿ ಬಿಟ್ಟ ಹಾಗೆ. ಒಣಮೆಣಸಿನಕಾಯಿ, ಸಂಡಿಗೆ, ಹುಣಸೆಹಣ್ಣು, ಹಾಸಿಗೆ, ದಿಂಬು, ಉಪ್ಪಿನಕಾಯಿ ಜಾಡಿ, ನೆಗಡಿಯಾದ ಮಕ್ಕಳು, ಹೀಗೆ ಎಲ್ಲವನ್ನೂ ಬಿಸಿಲಿಗೆ ಹಾಕಿಕೊಂಡೇ ಬದುಕಿದವಳು. ಒಮ್ಮೆ ನಮ್ಮ ಯಜಮಾನರು ಮಳೆಯಲ್ಲಿ ನೆನೆದ ಆಫೀಸಿನ ಫೈಲೊಂದನ್ನು ಮನೆಗೆ ತಂದಾಗ ಅದನ್ನೂ ಹಾಳೆ ಹಾಳೆಯಾಗಿ ಬಿಡಿಸಿ ಹಪ್ಪಳದ ಹಾಗೆ ಹರಡಿದ್ದೆ. ಗಾಳಿಗೆ ಎರಡು ಹಾಳೆ ಪಕ್ಕದ ಬೀದಿಗೆ ಹೋದವು. ಆ ಎರಡು ಹಾಳೆ ಇಲ್ಲದ್ದರಿಂದಲೇ ಫೈಲು ಬೇಗ ಮಂಜೂರಾಯಿತೆಂದು ಯಜಮಾನರು ಆಮೇಲೆ ಹೇಳಿದರು. ಇಷ್ಟು ಅನುಭವವಿರುವ ನನಗೆ ಒಂದು ಟಾರ್ಚನ್ನು ಬಿಸಿಲಿಗಿಡಲು ಬರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಆಗ ನಮ್ಮ ಮನೆಯಲ್ಲೂ ಯಾರೂ ಹಾಗೆ ಯೋಚಿಸಲಿಲ್ಲ, ಅದೇ ನನ್ನನ್ನು ಕಾಪಾಡಿತು. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಹೇಳಿಕೊಟ್ಟಳು. ಕಲಿತ ಮೇಲೆ ಮೊದಲು ಬರೆಯಬೇಕಾದದ್ದು ಇದನ್ನೇ ಅನ್ನಿಸಿತು. ನನಗೆ ಓಡುವುದು ಒಂದೇ ಬೆರಳು. ತಪ್ಪೊಪ್ಪಿಗೆಗೆ ಒಂದು ಬೆರಳು ಸಾಕು.

ಇದು ಎಂಬತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಬಾಡಿಗೆಗಿದ್ದೆವು. ಕೆಳಗಿನ ಮನೆಯಲ್ಲಿ ನಾನು, ಯಜಮಾನರು, ನಮ್ಮತ್ತೆ. ಮೇಲಿನ ಮನೆಯಲ್ಲಿ ಒಡತಿ ಜಯಮ್ಮ. ನನ್ನ ಅಣ್ಣ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಅವನ ಮಾಲೀಕರು ಜಪಾನಿಗೆ ಹೋಗಿ ಬಂದವರು ಅವನಿಗೊಂದು ಹೊಸ ಬಗೆಯ ಟಾರ್ಚು ತಂದುಕೊಟ್ಟಿದ್ದರು. ಅವನು ಅದನ್ನು ತಾನಿಟ್ಟುಕೊಳ್ಳದೆ, ಆ ವರ್ಷದ ಗೌರಿ ಹಬ್ಬಕ್ಕೆ ಬಳೆ, ಬಾಳೆಹಣ್ಣು, ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿಟ್ಟು ತಂಗಿಗೆ ಕೊಟ್ಟ. ಹಳದಿ ಪ್ಲಾಸ್ಟಿಕ್ಕಿನದು, ಗೇಣುದ್ದ ಇತ್ತು. ಅದರ ಮೇಲ್ಭಾಗದಲ್ಲಿ ಒಂದು ಬಿಸ್ಕತ್ತಿನಷ್ಟಗಲದ ಕಪ್ಪು ಗಾಜು, ಮುಖ ಕಾಣುವಷ್ಟು ನಯ.

"ಇದೇನಪ್ಪಾ ಇದು?" ಅಂದರು ನಮ್ಮತ್ತೆ.

"ಬ್ಯಾಟ್ರಿ ಅಮ್ಮ. ಇದಕ್ಕೆ ಸೆಲ್ ಹಾಕೋ ಹಾಗಿಲ್ಲ. ಈ ಗಾಜು ಮೇಲೆ ಬರೋ ಹಾಗೆ ಬಿಸಿಲಲ್ಲಿಟ್ರೆ ಆಯ್ತು. ಹಗಲೆಲ್ಲ ಬಿಸಿಲು ಕುಡಿಯುತ್ತೆ, ಸಂಜೆ ಬೆಳಕು ಕೊಡುತ್ತೆ."

"ಗೌರಿ ಹಬ್ಬಕ್ಕೆ ತಂಗೀಗೆ ಸೀರೆ ಕೊಡೋದು ನೋಡಿದೀನಿ. ಬ್ಯಾಟ್ರಿ ಕೊಡೋದು ಇದೇ ಮೊದಲು. ಇದನ್ನ ಹಿಡ್ಕೊಂಡು ಸೀರೆ ಹುಡುಕ್ಲಿ ಅಂತಾನಾ?"

ಅಣ್ಣ ನಕ್ಕ. ನಾನೂ ನಕ್ಕೆ. ಆದರೆ ಒಳಗೆ ಚುರ್ರೆಂದಿತು. ಮದುವೆಯಾದ ಹೆಣ್ಣುಮಕ್ಕಳಿಗೆ ಇದು ಗೊತ್ತು. ಮನೆಯಲ್ಲಿ ಬೇರೆ ಯಾವ ಸಾಮಾನು ಕೆಟ್ಟರೂ ಸಾಮಾನು ಕೆಟ್ಟಿತು ಅನ್ನುತ್ತಾರೆ. ತವರಿನಿಂದ ಬಂದ ಸಾಮಾನು ಕೆಟ್ಟರೆ ತವರೇ ಸರಿ ಇಲ್ಲ ಅನ್ನುತ್ತಾರೆ. ನನ್ನ ಮದುವೆಯಲ್ಲಿ ಕೊಟ್ಟ ಕುಕ್ಕರಿನ ಹಿಡಿ ಒಂದು ದಿನ ಕಳಚಿತು. ಅದಾಗಿ ಎರಡು ವರ್ಷ, ಮನೆಯಲ್ಲಿ ಯಾವುದರ ಹಿಡಿ ಕಳಚಿದರೂ, ಕೊಡೆಯದ್ದೇ ಇರಲಿ, ಬಾಗಿಲದ್ದೇ ಇರಲಿ, ಅತ್ತೆ ನನ್ನ ಕಡೆ ಒಮ್ಮೆ ನೋಡುತ್ತಿದ್ದರು. ಹಾಗಾಗಿ ಈ ಟಾರ್ಚು ಉರಿದೇ ತೀರಬೇಕು ಎಂದು ನಾನು ಆವತ್ತೇ ಗೌರಮ್ಮನ ಮುಂದೆ ಬೇಡಿಕೊಂಡೆ.

ಮೊದಲ ತೊಡಕು ಬಿಸಿಲಿನದೇ. ಕೆಳಗಿನ ಮನೆಗೆ ಬಿಸಿಲು ಬರುತ್ತಿದ್ದುದು ನೆಂಟರ ಹಾಗೆ, ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿತ್ತು. ಬಿಸಿಲು ದೇವರದ್ದಾದರೂ ತಾರಸಿ ಜಯಮ್ಮನದು. ದಿನಾ ಬೆಳಿಗ್ಗೆ ಒಗೆದ ಬಟ್ಟೆಯ ಬಕೆಟ್ಟಿನ ಮೇಲೆ ಟಾರ್ಚನ್ನು ಮಲಗಿಸಿಕೊಂಡು ಮೇಲೆ ಹತ್ತುತ್ತಿದ್ದೆ. ಮೊದಲ ದಿನ ಜಯಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದರು.

"ಏನ್ ಪದ್ಮಾ, ಬ್ಯಾಟ್ರೀನ ಬಿಸಿಲಿಗೆ ಹಾಕ್ತಿದೀಯ. ಶೀತ ಆಗಿದ್ಯಾ ಅದಕ್ಕೆ?"

"ಇಲ್ಲ ಜಯಮ್ಮನೋರೇ, ಇದಕ್ಕೆ ಊಟ ಇದೇ."

"ಹಂಗಾದ್ರೆ ಭಾಳ ಒಳ್ಳೇದು. ನಮ್ಮನೆಯವ್ರಿಗೂ ಒಂದು ಗಾಜು ಕೂರಿಸ್ಬಿಡು. ದಿನಾ ಮೇಲೆ ತಂದು ಮಲಗಿಸ್ತೀನಿ."

ಆದರೆ ಟಾರ್ಚು ನನ್ನ ಮಾನ ಉಳಿಸಿತು. ಎರಡನೇ ದಿನವೇ ಸಂಜೆ ಏಳಕ್ಕೆ ಕರೆಂಟು ಹೋಯಿತು. ಗುಂಡಿ ಒತ್ತಿದೆ. ಅಡುಗೆಮನೆಯ ಗೋಡೆಯ ಮೇಲೆ ಊಟದ ತಟ್ಟೆಯಷ್ಟು ದೊಡ್ಡ ಬೆಳಕು ಬಿತ್ತು. ಯಜಮಾನರು ಓದುತ್ತಿದ್ದ ಪೇಪರನ್ನು ಕೆಳಗಿಟ್ಟರು. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಸುಲಭಕ್ಕೆ ಪೇಪರು ಕೆಳಗಿಡುವವರಲ್ಲ. "ಪರವಾಗಿಲ್ವೇ" ಅಂದರು. ಮಾರನೆಯ ದಿನ ನೋಡುತ್ತೇನೆ, ಟಾರ್ಚು ಅತ್ತೆಯ ಸೊಂಟದಲ್ಲಿ, ಬೀಗದ ಕೈ ಗೊಂಚಲಿನ ಪಕ್ಕದಲ್ಲಿ ಸಿಕ್ಕಿಕೊಂಡಿದೆ.

ಆಮೇಲಿನ ಒಂದು ತಿಂಗಳು ನಮ್ಮತ್ತೆಯ ವೈಭವದ ಕಾಲ. ನಮ್ಮ ಅಡುಗೆಮನೆಯ ಪಕ್ಕ ಸಾಮಾನಿನ ಒಂದು ಕೋಣೆ ಇತ್ತು. ಕಿಟಕಿ ಇಲ್ಲ, ನಡು ಮಧ್ಯಾಹ್ನವೂ ಕತ್ತಲು. ಅಲ್ಲಿಗೆ ಹೋಗಿ ಒಂದೊಂದೇ ಡಬ್ಬದ ಒಳಗೆ ಬೆಳಕು ಬಿಟ್ಟು, ಅಕ್ಕಿಯ ಹುಳ, ಬೇಳೆಯ ಹುಳ, ರವೆಯ ಹುಳ ಎಲ್ಲಕ್ಕೂ ಹಾಜರಿ ತೆಗೆದುಕೊಂಡರು. ಆಮೇಲೆ ವೈದ್ಯವೃತ್ತಿಗೆ ಇಳಿದರು. ಬೀದಿಯಲ್ಲಿ ಯಾವ ಮಗು ಕೆಮ್ಮಿದರೂ ಕರೆದು ಜಗಲಿಯ ಮೇಲೆ ನಿಲ್ಲಿಸಿ, "ಆ ಅನ್ನು, ಇನ್ನೂ ದೊಡ್ಡದಾಗಿ ಆ ಅನ್ನು" ಎಂದು ಗಂಟಲೊಳಗೆ ಬೆಳಕು ಹಾಕುತ್ತಿದ್ದರು. ಏನು ಕಂಡರೂ ಔಷಧಿ ಒಂದೇ, ಮೆಣಸಿನ ಕಷಾಯ. ಜಯಮ್ಮನ ಮೊಮ್ಮಗಳ ಗಂಟಲು ನೋಡಿದ ದಿನ ಜಯಮ್ಮ ಪಕ್ಕದಲ್ಲೇ ನಿಂತು, "ಅಬ್ಬ, ಕಿರುನಾಲಗೆ ಕೂಡ ಕಾಣ್ಸುತ್ತಲ್ರೀ. ಎಂಥಾ ಬೆಳಕು" ಎಂದು ಬಾಯಿತುಂಬ ಹೊಗಳಿದರು. ಈ ಹೊಗಳಿಕೆ ಮುಂದೆ ಅವರಿಗೆ ಮುಳುವಾಯಿತು.

ಇಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಆಯುಧಗಳೆಂದರೆ ಯಜಮಾನರ ಸೈಕಲ್ಲು, ನನ್ನ ಹೊಲಿಗೆ ಮಿಷನ್ನು, ಈಳಿಗೆಮಣೆ, ಕತ್ತರಿ, ಯಜಮಾನರ ಪೆನ್ನು. ಪೆನ್ನು ಅವರು ಯಾರ ಮೇಲೂ ಪ್ರಯೋಗಿಸಿದ್ದನ್ನು ನಾನು ನೋಡಿಲ್ಲ, ಆದರೂ ಇಡುತ್ತಿದ್ದೆವು. ಆ ವರ್ಷ ಟಾರ್ಚಿಗೆ ಎಲ್ಲಕ್ಕಿಂತ ಮುಂದಿನ ಜಾಗ. ವಿಭೂತಿ, ಗಂಧ, ಅರಿಶಿನ ಕುಂಕುಮ ಹಚ್ಚುವ ಕೆಲಸ ಎಂದಿನ ಹಾಗೆ ನನ್ನದು. ಯಾವ ವಸ್ತುವಿಗೂ ಹಣೆ ಎಂಬುದೊಂದು ಇರುತ್ತದೆ, ಅದನ್ನು ಗುರುತು ಹಿಡಿಯುವುದೇ ಈ ಕೆಲಸದ ಜಾಣತನ. ಸೈಕಲ್ಲಿಗೆ ಹ್ಯಾಂಡಲ್ ಕೆಳಗಿನ ಪಟ್ಟಿ, ಮಿಷನ್ನಿಗೆ ಸೂಜಿಯ ಮೇಲಿನ ಭಾಗ. ಟಾರ್ಚನ್ನು ಕೈಯಲ್ಲಿ ಹಿಡಿದು ತಿರುಗಿಸಿದೆ. ಹಣೆ ಹುಡುಕುವ ಕಷ್ಟವೇ ಇರಲಿಲ್ಲ. ನಯವಾಗಿ, ಅಗಲವಾಗಿ, ಕಪ್ಪಗೆ ಹೊಳೆಯುತ್ತ ಆ ಗಾಜು ನನ್ನನ್ನೇ ನೋಡುತ್ತಿತ್ತು. ಮೂರು ಬೆರಳಲ್ಲಿ ಗಟ್ಟಿ ವಿಭೂತಿ ಎಳೆದೆ. ನಡುವೆ ಗಂಧದ ದುಂಡು ಬೊಟ್ಟು, ಅದರ ಮೇಲೆ ಕುಂಕುಮ. ಉಳಿದ ಜಾಗಕ್ಕೆ ಅರಿಶಿನ ಕಲಸಿ ಬಳಿದೆ. ತವರಿನ ವಸ್ತುವಲ್ಲವೇ, ಧಾರಾಳವಾಗಿಯೇ ಬಳಿದೆ. ಮುಗಿಸಿ ದೂರ ಹಿಡಿದು ನೋಡಿದರೆ ಮದುಮಗಳ ಹಾಗಿತ್ತು.

ಇಟ್ಟ ಕುಂಕುಮವನ್ನು ಒರೆಸುವ ಪದ್ಧತಿ ನಮ್ಮಲ್ಲಿಲ್ಲ. ಅದು ತಾನಾಗಿ ಉದುರಿ ಹೋಗಬೇಕು. ನನ್ನ ಹೊಲಿಗೆ ಮಿಷನ್ನಿನ ಮೇಲೆ ಐದು ವರ್ಷದ ಕುಂಕುಮ ಪದರ ಪದರವಾಗಿ ಕೂತಿತ್ತು, ಆದರೂ ಅದು ಚೆನ್ನಾಗಿಯೇ ಹೊಲಿಯುತ್ತಿತ್ತು. ಸೈಕಲ್ಲೂ ಓಡುತ್ತಿತ್ತು. ಹಾಗಿರುವಾಗ ಟಾರ್ಚಿನ ಮೇಲೆ ಯಾರಿಗೆ ಅನುಮಾನ ಬರಬೇಕು?

ನಾಲ್ಕು ದಿನಕ್ಕೆ ಬೆಳಕು ಹಳದಿಯಾಯಿತು. ವಾರಕ್ಕೆ ಮಿಣುಕುಹುಳದಷ್ಟಾಯಿತು. ಒಂದು ಬೆಳಿಗ್ಗೆ ಅತ್ತೆ ಒಂದು ಮಗುವಿನ ಗಂಟಲಿಗೆ ಗುಂಡಿ ಒತ್ತಿ, ಬಗ್ಗಿ, ಇನ್ನೂ ಬಗ್ಗಿ, ಕೊನೆಗೆ ಬರೀ ಅಂದಾಜಿನ ಮೇಲೆ ಕಷಾಯ ಬರೆದುಕೊಟ್ಟರು. ಅವರ ಮುಖ ನೋಡುವ ಹಾಗಿರಲಿಲ್ಲ.

"ದೃಷ್ಟಿ ಬಿದ್ದಿದೆ" ಅಂದರು ಒಳಗೆ ಬಂದು. "ಹೊಟ್ಟೆಕಿಚ್ಚಿನ ಕಣ್ಣು."

ಉಪ್ಪು, ಮೆಣಸಿನಕಾಯಿ, ಪೊರಕೆಕಡ್ಡಿ ಹಿಡಿದು ಟಾರ್ಚಿಗೆ ಮೂರು ಸಲ ನಿವಾಳಿಸಿದರು. ಮಕ್ಕಳಿಗಿಡುವ ಹಾಗೆ ಒಂದು ದೃಷ್ಟಿಬೊಟ್ಟು ಇಡಲು ಹೇಳಿದರು. ಗಾಜಿನ ಒಂದು ಮೂಲೆಯಲ್ಲಿ ವಿಭೂತಿ ಉದುರಿ ಸ್ವಲ್ಪ ಜಾಗ ಖಾಲಿ ಕಾಣುತ್ತಿತ್ತು. ಅಲ್ಲೇ ನಾನು ಕಾಡಿಗೆಯಲ್ಲಿ ಕಡಲೆಕಾಳಿನಷ್ಟು ದಪ್ಪ ಬೊಟ್ಟಿಟ್ಟೆ. ಶುಕ್ರವಾರ ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುವಾಗ ಪಾಪ, ಇದಕ್ಕೂ ಇರಲಿ ಎಂದು ಹಳೆಯದರ ಮೇಲೆ ಹೊಸದನ್ನು ಇಟ್ಟೆ. ಅದು ಸೊರಗಿದಷ್ಟೂ ನನಗೆ ಭಕ್ತಿ ಹೆಚ್ಚಾಯಿತು. ನನಗೆ ಭಕ್ತಿ ಹೆಚ್ಚಾದಷ್ಟೂ ಅದು ಸೊರಗಿತು.

ಯಜಮಾನರು ಟಾರ್ಚಿನ ಜೊತೆ ಬಂದಿದ್ದ ಇಂಗ್ಲಿಷ್ ಚೀಟಿಯನ್ನು ಓದಿ, "ಬಿಸಿಲಲ್ಲಿ ಇಡಬೇಕು ಅಂತ ಬರೆದಿದೆ" ಅಂದರು.

"ಇಟ್ಟಿದೀನಲ್ರೀ."

"ಇನ್ನೂ ಜಾಸ್ತಿ ಇಡು. ಆದ್ರೂ ಲೇ ಪದ್ಮ, ಸೂರ್ಯ ಇದ್ದಾಗ ಬೆಳಕು ತುಂಬ್ಕೊಂಡು, ಸೂರ್ಯ ಹೋದ್ಮೇಲೆ ಕೊಡ್ಬೇಕಾದಾಗ ಕೊಡಲ್ಲ ಅನ್ನುತ್ತೆ. ನಮ್ಮ ಆಫೀಸಲ್ಲಿ ಕೆಲಸ ಮಾಡಿದ್ರೆ ಇಷ್ಟೊತ್ತಿಗೆ ಪ್ರಮೋಷನ್ ಆಗಿರೋದು ಇದಕ್ಕೆ."

ಅತ್ತೆ ತಮಾಷೆ ಮಾಡಲಿಲ್ಲ. ದೀಪಾವಳಿ ಹತ್ತಿರ ಬಂದಿತ್ತು. "ಭಾನುವಾರ ನಿಮ್ಮಣ್ಣ ಹಬ್ಬಕ್ಕೆ ಕರಿಯೋಕೆ ಬರ್ತಾನಲ್ಲ, ಆಗ ಅವ್ನ ಕೈಗೇ ಕೊಟ್ಬಿಡು ಇದನ್ನ. ಉರೀದೇ ಇರೋ ಬ್ಯಾಟ್ರಿ ನಮಗೆ ಬೇಡ" ಅಂದರು.

ಗೌರಿ ಹಬ್ಬಕ್ಕೆ ತವರಿನವರು ತಟ್ಟೆಯಲ್ಲಿಟ್ಟು ಕೊಟ್ಟದ್ದನ್ನು ವಾಪಸ್ಸು ಕೊಡುವುದೆಂದರೆ ಏನು ಅಂತ ತಿಳಿದಿರುವವರಿಗೆ ನಾನು ವಿವರಿಸಬೇಕಾಗಿಲ್ಲ. ತಿಳಿಯದವರಿಗೆ ಇಷ್ಟು ಹೇಳುತ್ತೇನೆ. ಮುಖಕ್ಕೆ ಹೊಡೆದರೆ ಅದಕ್ಕಿಂತ ಮೇಲು. ಭಾನುವಾರಕ್ಕೆ ಐದು ದಿನ ಇತ್ತು. ಐದು ದಿನದಲ್ಲಿ ಟಾರ್ಚು ಉರಿಯಬೇಕು, ಇಲ್ಲವಾದರೆ ಅಣ್ಣ ತನ್ನ ಉಡುಗೊರೆಯನ್ನು ತಾನೇ ಹೊತ್ತುಕೊಂಡು ಬಸ್ಸು ಹತ್ತಬೇಕು.

ಮನುಷ್ಯರಿಗೆ ಗಾಬರಿಯಾದಾಗ ಬುದ್ಧಿ ಕೆಲಸ ಮಾಡುವುದಿಲ್ಲ, ನಾಲಗೆ ಮಾಡುತ್ತದೆ. ಮಾರನೆಯ ದಿನ ತಾರಸಿಯಲ್ಲಿ ಜಯಮ್ಮ, "ಏನ್ ಪದ್ಮಾ, ನಿಮ್ಮ ಬ್ಯಾಟ್ರಿ ಮಂಕಾಯ್ತಂತೆ" ಅಂದರು. ನಾನು ಥಟ್ಟನೆ, "ನೀವು ಅಷ್ಟು ಹೊಗಳಿದ್ಮೇಲೇ ಜಯಮ್ಮನೋರೇ ಆಗಿದ್ದು. ಕೆಲವ್ರ ಕಣ್ಣು ಹಂಗೇ" ಅಂದುಬಿಟ್ಟೆ. ಜಯಮ್ಮ ನಾನು ಕೆಳಗಿಳಿಯುವವರೆಗೆ ಕಾದು, ತಾರಸಿಯ ಬಾಗಿಲಿಗೆ ಬೀಗ ಹಾಕಿದರು.

ಈಗ ಬಟ್ಟೆಗೂ ಬಿಸಿಲಿಲ್ಲ, ಟಾರ್ಚಿಗೂ ಇಲ್ಲ. ಒದ್ದೆ ಬಟ್ಟೆ ಮನೆಯೊಳಗೆ ಹಗ್ಗದ ಮೇಲೆ ನೇತಾಡುತ್ತಿತ್ತು. ಯಜಮಾನರು ಹಸಿ ಬನಿಯನ್ನು ತೊಟ್ಟು ಸೀನುತ್ತ ಆಫೀಸಿಗೆ ಹೋದರು. ನಾನು ಟಾರ್ಚು ಹಿಡಿದು ಬೀದಿಗೆ ಬಂದೆ. ಕಾಂಪೌಂಡಿನ ಮೇಲೆ ಒಂದು ಗಂಟೆ ಬಿಸಿಲು, ಎದುರು ಮನೆ ಗೇಟಿನ ಹತ್ತಿರ ಅರ್ಧ ಗಂಟೆ. ಆಮೇಲೆ ರಸ್ತೆಯ ನಡುವೆಯೇ ಗತಿ. ಇಟ್ಟು ಬಂದರೆ ಯಾರಾದರೂ ಹೊತ್ತೊಯ್ಯುತ್ತಾರೆ, ಹಾಗಾಗಿ ಅಂಗೈ ಮೇಲಿಟ್ಟುಕೊಂಡು ಆಕಾಶಕ್ಕೆ ಹಿಡಿದು ನಿಂತೆ. ಹೂವಿನ ಬುಟ್ಟಿ ಹೊತ್ತು ಬಂದ ಹೆಂಗಸು ನಿಂತು ನೋಡಿದಳು.

"ಏನಮ್ಮಾ, ಹಾಡು ಹಗಲಲ್ಲಿ ಬ್ಯಾಟ್ರಿ ಹಿಡ್ಕೊಂಡು ಏನ್ ಹುಡುಕ್ತಾ ಇದೀರ?"

"ಬಿಸಿಲು."

ಅವಳು ಮೇಲೆ ನೋಡಿದಳು, ನನ್ನನ್ನು ನೋಡಿದಳು. "ಅಲ್ಲೇ ಐತಲ್ಲಮ್ಮ" ಎಂದು ಮೆಲ್ಲಗೆ ಹೇಳಿ, ಎರಡು ಹೆಜ್ಜೆ ಹಿಂದಕ್ಕಿಟ್ಟು, ಆವತ್ತು ನಮ್ಮ ಮನೆಗೆ ಹೂವು ಕೊಡದೆಯೇ ಹೋದಳು. ಶುಕ್ರವಾರ ಮತ್ತೆ ಬಂತು. ಕೊನೆಯ ಪ್ರಯತ್ನವೆಂದು, ಹರಕೆ ಹೊತ್ತವಳ ಹಾಗೆ, ಇನ್ನೊಂದು ಸುತ್ತು ಅರಿಶಿನ ಬಳಿದು ಮೇಲೆ ದೊಡ್ಡ ಕುಂಕುಮವಿಟ್ಟೆ.

ಭಾನುವಾರ ಹನ್ನೊಂದು ಗಂಟೆಗೆ ಅಣ್ಣ ಬಂದ. ಅತ್ತೆ, ಯಜಮಾನರು ಹಜಾರದಲ್ಲಿ ಕೂತಿದ್ದರು. ಜಯಮ್ಮ ಮೆಟ್ಟಿಲ ಮೇಲೆ ನಿಂತು ಕೂದಲು ಒಣಗಿಸಿಕೊಳ್ಳುವ ನೆಪದಲ್ಲಿ ಕಿವಿಯನ್ನು ಕೆಳಗೆ ಬಿಟ್ಟಿದ್ದರು. ಕಾಫಿ ಕೊಟ್ಟಿದ್ದಾಯಿತು, ಅವನು ಹಬ್ಬಕ್ಕೆ ಕರೆದಿದ್ದಾಯಿತು. ಅತ್ತೆ ಟಾರ್ಚನ್ನು ತಂದು ಅವನ ಮುಂದೆ ಇಟ್ಟರು.

"ತಪ್ಪು ತಿಳ್ಕೋಬೇಡಪ್ಪಾ. ಇದು ಉರೀತಾ ಇಲ್ಲ. ನೀನೇ ಇಟ್ಕೋ."

ಅಣ್ಣನ ಮುಖ ಸಣ್ಣದಾಯಿತು. ಟಾರ್ಚನ್ನು ಎತ್ತಿಕೊಂಡ, ತಿರುಗಿಸಿದ. ಗಾಜಿನ ಕಡೆ ಬಂದಾಗ ಅವನ ಕೈ ನಿಂತಿತು.

"ನಾವು ಏನೂ ಕಮ್ಮಿ ಮಾಡಿಲ್ಲ" ಅಂದರು ಅತ್ತೆ. "ಆಯುಧಪೂಜೇಲಿ ಮೊದಲ ಪೂಜೆ ಇದಕ್ಕೇ. ನಿನ್ನ ತಂಗಿ ಪ್ರತಿ ಶುಕ್ರವಾರ ತಪ್ಪದೆ ಅರಿಶಿನ ಕುಂಕುಮ ಇಟ್ಟಿದಾಳೆ. ಬೇಕಾದ್ರೆ ನೋಡು."

ಅವನು ನೋಡುತ್ತಲೇ ಇದ್ದ. ಆಮೇಲೆ ಹೆಬ್ಬೆರಳನ್ನು ಗಾಜಿನ ಮೇಲೆ ಒಂದು ಸಲ ಮೆಲ್ಲಗೆ ಎಳೆದ. ಅರಿಶಿನ, ಕುಂಕುಮ, ವಿಭೂತಿ, ಕಾಡಿಗೆ ಎಲ್ಲ ಒಟ್ಟಿಗೆ ಮಡ್ಡಿಯ ಹಾಗೆ ಎದ್ದು ಬಂತು. ಅದರ ಕೆಳಗೆ ಬೆರಳಗಲ ಕಪ್ಪು ಗಾಜು ಫಳಕ್ಕೆಂದಿತು. ನಾನು ಕಾಫಿಲೋಟ ತೆಗೆಯಲು ಬಗ್ಗಿದ್ದವಳು ಹಾಗೆಯೇ ನಿಂತುಬಿಟ್ಟೆ. ಬಿಸಿಲು ಹೋಗಬೇಕಾದ ಬಾಗಿಲಿಗೆ ಮೂರು ವಾರದಿಂದ ನಾನೇ ಗಾರೆ ಹಾಕಿ ಮೆತ್ತಿದ್ದೆ. ಅದೂ ಸಾಲದೆಂದು ಬೀದಿಯಲ್ಲಿ ನಿಂತು ಸೂರ್ಯನನ್ನು ಕರೆದಿದ್ದೆ. ಅಣ್ಣ ತಲೆಯೆತ್ತಿ ನನ್ನನ್ನು ನೋಡಿದ. ಅವನ ತುಟಿ ಒಂದು ಸಲ ಅದುರಿತು. ಕೆಂಪಾದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.

"ತಪ್ಪು ನಂದೇ ಅಮ್ಮ" ಅಂದ ಅತ್ತೆಗೆ. "ಕೊಡೋ ಮುಂಚೆ ಸರಿಯಾಗಿ ನೋಡಿ ಕೊಡ್ಬೇಕಿತ್ತು. ಒಳಗೆ ಒಂದು ವೈರ್ ಬಿಟ್ಕೊಂಡಿದೆ. ವರ್ಕ್‌ಶಾಪಿಗೆ ತಗೊಂಡ್ಹೋಗಿ ಬೆಸುಗೆ ಹಾಕ್ಕೊಂಡು, ಹಬ್ಬಕ್ಕೆ ನೀವೆಲ್ಲ ಮನೆಗೆ ಬಂದಾಗ ಕೊಡ್ತೀನಿ."

ಮೆಟ್ಟಿಲ ಮೇಲಿಂದ ಜಯಮ್ಮನ ದನಿ ಬಂತು. "ವೈರ್ ಅಂತೆ, ಕೇಳಿಸ್ತಾ ಪದ್ಮಾ? ನನ್ನ ಕಣ್ಣಿಗೆ ಅಷ್ಟು ಪವರ್ ಇದ್ದಿದ್ರೆ ನಮ್ಮನೆಯವ್ರ ಹೊಟ್ಟೆ ಎಂದೋ ಕರಗಿರೋದು." ಅದರ ಹಿಂದೆಯೇ ತಾರಸಿಯ ಬೀಗ ತೆಗೆದ ಸದ್ದಾಯಿತು. ಯಜಮಾನರು ಒದ್ದೆ ಬನಿಯನ್ನುಗಳ ಕಡೆ ಆಸೆಯಿಂದ ನೋಡಿದರು.

ಅಣ್ಣನನ್ನು ಬಸ್‌ಸ್ಟಾಪಿನವರೆಗೆ ಬಿಡಲು ಹೋದೆ. ಅಲ್ಲಿ ಅವನು ಕರ್ಚೀಫನ್ನು ಬೀದಿ ನಲ್ಲಿಯಲ್ಲಿ ನೆನೆಸಿ ಗಾಜನ್ನು ಉಜ್ಜಿದ. ನಾಲ್ಕು ಸಲ ಹಿಂಡಿದರೂ ನೀರು ಕೆಂಪಗೇ ಬರುತ್ತಿತ್ತು. ನಗು ತಡೆಯಲಾರದೆ ಅವನ ಭುಜ ಕುಣಿಯುತ್ತಿತ್ತು.

"ಅಲ್ಲ ಕಣೇ ಪದ್ದು, ಇದಕ್ಕೆ ಕಣ್ಣಿರೋದೇ ಅಲ್ಲಿ. ಅದಕ್ಕೇ ಮೆತ್ತಿದೀಯಲ್ಲ. ಇನ್ಮೇಲೆ ಇಡ್ಬೇಕು ಅನ್ಸಿದ್ರೆ ಬೆನ್ನಿಗಿಡು."

"ನೀನ್ಯಾಕೆ ಸುಳ್ಳು ಹೇಳಿದ್ದು? ಈಗ ನಿನ್ನ ಮಾಲೇ ಕೆಟ್ಟದ್ದು ಅಂತ ಆಯ್ತಲ್ಲ. ನಿಜ ಹೇಳ್ಬೇಕಿತ್ತು ನೀನು."

"ಯಾಕೆ, ನಿಂಗೆ ಬಾಯಿ ಇರ್ಲಿಲ್ವಾ?"

ನನಗೆ ಬಾಯಿಲ್ಲವೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ಇಲ್ಲಿಯವರೆಗೂ ಹೇಳಿಲ್ಲ. ಸಿಟ್ಟು ಬಂತು. "ಈಗ್ಲೇ ಹೋಗಿ ಅತ್ತೆ ಮುಂದೆ ಎಲ್ಲಾ ಹೇಳ್ತೀನಿ ನೋಡು" ಅಂದೆ. "ಹೇಳು, ಬಸ್ ಬಂತು" ಎಂದು ಅವನು ಹತ್ತಿಕೊಂಡ. ಕಿಟಕಿಯ ಪಕ್ಕ ಸೀಟು ಹಿಡಿದು, ಟಾರ್ಚನ್ನು ಬಿಸಿಲು ಬೀಳುವ ಹಾಗೆ ತೊಡೆಯ ಮೇಲಿಟ್ಟುಕೊಂಡದ್ದು ಕಾಣಿಸಿತು.

ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೆ. 'ಅತ್ತೆ, ವೈರೂ ಇಲ್ಲ. ದೃಷ್ಟಿಯೂ ಇಲ್ಲ. ಎಲ್ಲ ನನ್ನ ಕೈಯಿಂದಲೇ ಆದದ್ದು.' ಇಷ್ಟೇ. ಮೂರು ವಾಕ್ಯ. ಮೂಲೆಯ ಅಂಗಡಿ ದಾಟುವ ಹೊತ್ತಿಗೆ ಎರಡಕ್ಕಿಳಿಸಿದೆ. ಗೇಟು ತೆಗೆಯುವಾಗ ಒಂದೇ ಸಾಕು ಅನ್ನಿಸಿತು.

ಅತ್ತೆ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಅವರೇ ಶುರು ಮಾಡಿದರು. ಇಷ್ಟು ವರ್ಷದಲ್ಲಿ ಅವರ ದನಿ ಅಷ್ಟು ಮೆತ್ತಗಿದ್ದುದನ್ನು ನಾನು ಕೇಳಿರಲಿಲ್ಲ.

"ನಿಮ್ಮಣ್ಣ ಒಳ್ಳೇವ್ನು ಕಣೇ. ನಾನೇ ಏನೇನೋ ಅಂದ್ಬಿಟ್ಟಿದ್ದೆ. ಗಂಡಸಾಗಿ, ಬೀಗರ ಮನೇಲಿ ಎಲ್ಲರ ಎದುರಿಗೆ, ತಪ್ಪು ನಂದು ಅಂತ ಒಪ್ಕೊಂಡ ನೋಡು. ಎಷ್ಟು ಜನಕ್ಕಿರುತ್ತೆ ಹೇಳು ಆ ಗುಣ?"

ಬಾಯಿಪಾಠ ಮಾಡಿದ ಒಂದು ವಾಕ್ಯ ನಾಲಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದೆ.

"ನಮ್ಮ ತವರಿನವ್ರೇ ಹಾಗೆ ಅತ್ತೆ" ಅಂದೆ. "ತಪ್ಪು ಮಾಡಿದ್ರೆ ಮುಚ್ಚಿಡೋ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ."